ಹಳೆಯ ಸೀರೆಯ ಚೂರುಗಳಿಂದ ಆರಂಭಿಸಿ: ಹಳ್ಳಿಯ ಮಹಿಳೆಯರಿಗಾಗಿ ಎಂಟು ವಾರಗಳ ಗುಂಪು ಚಿಕಿತ್ಸೆ ನಡೆಸುವುದು ಹೇಗೆ

ನನ್ನ ಮೊದಲ ಗುಂಪಿನಲ್ಲಿ ಒಂಬತ್ತು ಮಹಿಳೆಯರಿದ್ದರು. ಅಂಗನವಾಡಿ ಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. "ಮನಸ್ಸಿನಲ್ಲಿರುವ ಕಷ್ಟ ಹೇಳಿಕೊಳ್ಳಿ" ಎಂದೆ. ಮೂಲೆಯಲ್ಲಿದ್ದ ಒಬ್ಬರು ಬಾಯಿ ತೆರೆದರು. ಮುಕ್ಕಾಲು ಗಂಟೆ ನಿಲ್ಲಿಸದೆ ಹೇಳಿದರು, ಬಿಕ್ಕಿ ಬಿಕ್ಕಿ ಅತ್ತರು. ಎದೆಯ ಭಾರ ಇಳಿಯಿತೆಂದು ನಾನು ನಂಬಿದೆ. ಮುಂದಿನ ವಾರ ಅವರು ಬರಲಿಲ್ಲ. ಮನೆಗೆ ಹೋದರೆ ಬಾಗಿಲಲ್ಲೇ ನಿಂತು, "ಊರ ಮುಂದೆ ನನ್ನ ಸೆರಗನ್ನು ನಾನೇ ಜಾರಿಸಿದಂತಾಯಿತು ಅಕ್ಕ" ಎಂದರು.

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಕೊಪ್ಪಳ, ಗದಗ ಕಡೆಯ ಹಳ್ಳಿಗಳಲ್ಲಿ ಆಮೇಲೆ ನಡೆಸಿದ ಗುಂಪುಗಳೆಲ್ಲ ಅದಕ್ಕೆ ಉತ್ತರ ಹುಡುಕುವ ಪ್ರಯತ್ನಗಳೇ. ನೋವನ್ನು ಕೇಳುವ ಮೊದಲು ಆ ಮನುಷ್ಯರು ಯಾವುದರ ಮೇಲೆ ನಿಂತು ಇಷ್ಟು ದಿನ ಬದುಕಿದ್ದಾರೆ ಎಂಬುದನ್ನು ಕೇಳಬೇಕು. ಅದನ್ನು ಅವರದೇ ಮಾತಿನಲ್ಲಿ, ಅವರ ಕೈಗೆ ರೂಢಿಯಿರುವ ಕೆಲಸದ ಮೂಲಕ ಕೇಳಬೇಕು. ಆಪ್ತ ಸಮಾಲೋಚಕರು, ಸಮಾಜ ಕಾರ್ಯಕರ್ತರು, ಮನೋವೈದ್ಯರ ಮಾರ್ಗದರ್ಶನದಲ್ಲಿ ತರಬೇತಿ ಪಡೆದ ಆಶಾ ಕಾರ್ಯಕರ್ತೆಯರು ಇಂಥ ಗುಂಪು ನಡೆಸಬಹುದು. ತರಬೇತಿಯಿಲ್ಲದೆ, ಕೇಳಿದಾಗ ಸಲಹೆ ಕೊಡಲು ಒಬ್ಬ ತಜ್ಞರಿಲ್ಲದೆ ದಯವಿಟ್ಟು ಆರಂಭಿಸಬೇಡಿ.

ಈ ದಾರಿ ನಾನು ಕಂಡುಹಿಡಿದದ್ದಲ್ಲ. ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಏಡ್ಸ್‌ನಿಂದ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗಾಗಿ ಜಿಂಬಾಬ್ವೆಯ ಮನಶ್ಶಾಸ್ತ್ರಜ್ಞೆ ಎನ್ಕಝೇಲೋ ಎನ್ಕೂಬೆ ಅವರು ಆಸ್ಟ್ರೇಲಿಯಾದ ಡೇವಿಡ್ ಡೆನ್‌ಬರೋ ಅವರೊಂದಿಗೆ ಸೇರಿ 'ಬದುಕಿನ ಮರ' ಎಂಬ ವಿಧಾನ ರೂಪಿಸಿದರು. ಮಗು ಒಂದು ಮರ ಬಿಡಿಸುತ್ತದೆ. ಬೇರೆಂದರೆ ಹುಟ್ಟಿದ ಊರು, ಹಿರಿಯರು. ನೆಲವೆಂದರೆ ಈಗಿನ ದಿನಚರಿ. ಕಾಂಡ ಅದರ ಕೌಶಲ, ಕೊಂಬೆ ಅದರ ಆಸೆ, ಎಲೆಗಳು ಪ್ರೀತಿಯ ಜನ, ಹಣ್ಣುಗಳು ಬದುಕಿನಲ್ಲಿ ದೊರೆತ ಕೊಡುಗೆ. ಎಲ್ಲರ ಮರಗಳನ್ನೂ ಗೋಡೆಗೆ ಅಂಟಿಸಿದರೆ ಕಾಡಾಗುತ್ತದೆ. ಬಿರುಗಾಳಿಯ, ಎಂದರೆ ಕಷ್ಟಗಳ ಮಾತು ಬರುವುದು ಆಮೇಲೆ. ಹೊಳೆಯ ಸೆಳೆತದಲ್ಲಿರುವವರನ್ನು ಮೊದಲು ದಡಕ್ಕೆ ಕರೆತಂದು, ಅಲ್ಲಿ ನಿಲ್ಲಿಸಿ, ಬಳಿಕ ಹೊಳೆಯ ಕಡೆ ನೋಡುವುದು ಅದರ ತಿರುಳು.

ನಾನೂ ಡ್ರಾಯಿಂಗ್ ಹಾಳೆ, ಬಣ್ಣದ ಪೆನ್ಸಿಲ್ ಹೊತ್ತು ಊರಿಗೆ ಹೋದೆ. ಮಹಿಳೆಯರು ಹಾಳೆಯನ್ನು ಮುಟ್ಟಲಿಲ್ಲ. "ಇದು ಮಕ್ಕಳ ಆಟ, ನಮಗೆ ಪೆನ್ನು ಹಿಡಿದು ಅಭ್ಯಾಸವಿಲ್ಲ" ಎಂದರು. ಅವರಲ್ಲೊಬ್ಬರು ಕುಳಿತಲ್ಲೇ ಮಡಿಲಲ್ಲಿ ಕೌದಿ, ಎಂದರೆ ಹಳೆಯ ಬಟ್ಟೆಯ ಚೂರುಗಳನ್ನು ಜೋಡಿಸಿದ ಹೊದಿಕೆ, ಹೊಲಿಯುತ್ತಿದ್ದರು. "ಇದು ಯಾರ ಸೀರೆ?" ಎಂದು ಒಂದು ಕೆಂಪು ಚೂರನ್ನು ತೋರಿಸಿ ಕೇಳಿದೆ. ತವರಿನಿಂದ ಬಂದ ಇಳಕಲ್ ಸೀರೆಯ ಸೆರಗಿನ ತುಂಡು ಅದು. ಆ ಚೂರಿನ ಕಥೆ ಹೇಳುತ್ತಾ ಹೇಳುತ್ತಾ ಅವರ ಬೆನ್ನು ನೆಟ್ಟಗಾಯಿತು. ಅಂದಿನಿಂದ ನಮ್ಮ ಗುಂಪಿನಲ್ಲಿ ಮರದ ಬದಲು ಕೌದಿ ಬಂದಿತು.

ಹೆಜ್ಜೆ 1: ಊರಿನ ಮಾತು ಕಲಿಯಿರಿ

ಗುಂಪು ಆರಂಭಿಸುವ ಮೊದಲು ಎರಡು ವಾರ ಬರೀ ಕೇಳಿಸಿಕೊಳ್ಳಿ. ಹಿಟ್ಟಿನ ಗಿರಣಿ, ನಲ್ಲಿಕಟ್ಟೆ, ಆರೋಗ್ಯ ಉಪಕೇಂದ್ರದ ಜಗಲಿ, ಸ್ವಸಹಾಯ ಸಂಘದ ವಾರದ ಸಭೆ, ಹಳೆಯ ಸೂಲಗಿತ್ತಿಯ ಮನೆ. ಖಿನ್ನತೆ, ಆತಂಕ ಎಂಬ ಪದಗಳು ಅಲ್ಲಿ ಕೇಳಿಬರುವುದು ಅಪರೂಪ. ಎದೆಭಾರ, ಜೀವ ಹಿಂಡುತ್ತದೆ, ತಲೆ ತುಂಬ ಯೋಚನೆ, ಎದೆ ಡವಗುಟ್ಟುತ್ತದೆ, ಅನ್ನ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಯಾರ ಮುಖವೂ ಬೇಡವೆನಿಸುತ್ತದೆ ಎಂಬ ಮಾತುಗಳು ಸಿಗುತ್ತವೆ. ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆ ಮಾತನ್ನು ಯಾರು, ಯಾವ ಸಂದರ್ಭದಲ್ಲಿ ಆಡಿದರು ಎಂಬುದನ್ನೂ ಸೇರಿಸಿ.

ಇದು ಸುಮ್ಮನೆ ಸೌಜನ್ಯಕ್ಕೆ ಮಾಡುವ ಕೆಲಸವಲ್ಲ. 2003ರಲ್ಲಿ ಪ್ರಕಟವಾದ ಉಗಾಂಡದ ಗುಂಪು ಚಿಕಿತ್ಸೆಯ ಪ್ರಯೋಗದಲ್ಲಿ ಸಂಶೋಧಕರು ಮೊದಲು ಊರಿನವರೇ ಬಳಸುವ ದುಃಖದ ಪದಗಳನ್ನು ಸಂಗ್ರಹಿಸಿದರು. ಆ ಬಳಿಕವೇ ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ 16 ವಾರ ಗುಂಪುಗಳು ನಡೆದವು, ಖಿನ್ನತೆ ಗಣನೀಯವಾಗಿ ಇಳಿಯಿತು. ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅವರು 2006ರಲ್ಲಿ ಆರಂಭಿಸಿದ 'ಸ್ನೇಹದ ಬೆಂಚು' ಕೂಡ ಶೋನಾ ಭಾಷೆಯ 'ಕುಫುಂಗಿಸಿಸಾ' ಎಂಬ ಪದವನ್ನೇ ಹಿಡಿಯಿತು. ಅತಿಯಾಗಿ ಯೋಚಿಸುವುದು ಎಂದು ಅದರ ಅರ್ಥ. ತರಬೇತಿ ಪಡೆದ ಅಜ್ಜಿಯರು ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕುಳಿತು ಮಾತನಾಡಿಸುತ್ತಾರೆ. ಮುಂದೆ ಆ ಬೆಂಚಿಗೆ ಬಂದು ಕಷ್ಟ ಹೇಳಿಕೊಂಡ ಮಹಿಳೆಯರು ಗುಂಪಾಗಿ ಸೇರಿ, ಮಾತನಾಡುತ್ತಲೇ ಹಳೆಯ ಪ್ಲಾಸ್ಟಿಕ್‌ನಿಂದ ಚೀಲ ಹೆಣೆಯುತ್ತಾರೆ. ಕೈಗೆ ಕೆಲಸವಿದ್ದಾಗ ಕಣ್ಣು ತಗ್ಗಿಸಲು ಒಂದು ನೆಪ ಸಿಗುತ್ತದೆ, ನಾಲಗೆ ಸಡಿಲವಾಗುತ್ತದೆ. ಕೌದಿಯ ಮುಂದೆ ಕುಳಿತಾಗ ನಾನು ಕಂಡದ್ದೂ ಇದನ್ನೇ.

ಮೈ ನೋವಿನ ಮಾತನ್ನು ಬದಿಗೆ ತಳ್ಳಬೇಡಿ. ಸೊಂಟ ನೋವು, ತಲೆ ಸುತ್ತು, ಸುಸ್ತು ಎಂದವರಿಗೆ "ಇದು ಮನಸ್ಸಿನದು" ಎಂದುಬಿಟ್ಟರೆ ಅವರು ಎದ್ದು ಹೋಗುತ್ತಾರೆ. ಅದು ನ್ಯಾಯವೂ ಹೌದು. ರಕ್ತಹೀನತೆ, ಥೈರಾಯ್ಡ್ ತೊಂದರೆ ಇದ್ದರೂ ಹೀಗೆಯೇ ಆಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಮೇಲೆ ಗುಂಪಿನ ಮಾತು.

ಹೆಜ್ಜೆ 2: ಯಾರು, ಎಲ್ಲಿ, ಯಾವಾಗ

ಎಂಟರಿಂದ ಹತ್ತು ಮಂದಿ ಸಾಕು. ನಡೆಸಲು ಇಬ್ಬರು ಬೇಕು, ಅವರಲ್ಲಿ ಒಬ್ಬರು ಆ ಸೀಮೆಯವರೇ ಆಗಿರಲಿ. ಅತ್ತೆ ಸೊಸೆಯರನ್ನು, ಓರಗಿತ್ತಿಯರನ್ನು ಒಂದೇ ಗುಂಪಿಗೆ ಸೇರಿಸಬೇಡಿ. ಸಾಲ ಕೊಟ್ಟವರೂ ತೆಗೆದುಕೊಂಡವರೂ ಎದುರುಬದುರು ಕೂರುವಂತಾಗಬಾರದು. ಇದನ್ನು ಪಟ್ಟಿ ನೋಡಿ ತಿಳಿಯಲಾಗದು, ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ.

ಬಿತ್ತನೆ, ಸುಗ್ಗಿಯ ತಿಂಗಳುಗಳಲ್ಲಿ ಗುಂಪು ನಡೆಯುವುದಿಲ್ಲ. ಸಂತೆಯ ದಿನ, ಉದ್ಯೋಗ ಖಾತರಿ ಕೆಲಸದ ಹೊತ್ತು, ಅಮಾವಾಸ್ಯೆ ಬಿಡಿ. ಮಧ್ಯಾಹ್ನ ಎರಡೂವರೆಯಿಂದ ನಾಲ್ಕು ಗಂಟೆ ಹೆಚ್ಚಿನ ಊರುಗಳಲ್ಲಿ ಹೊಂದುತ್ತದೆ. ಮಕ್ಕಳು ಶಾಲೆಯಿಂದ ಬರುವ ಮೊದಲು ಮುಗಿಸಬೇಕು.

ಜಾಗದ ವಿಷಯದಲ್ಲಿ ನಿಧಾನಿಸಿ ಯೋಚಿಸಿ. ಗುಡಿಯ ಮಂಟಪ ತಂಪಾಗಿರುತ್ತದೆ, ಊರ ಹಿರಿಯರು ಸಂತೋಷದಿಂದ ಕೊಡುತ್ತಾರೆ. ಆದರೆ ಅದರ ಮೆಟ್ಟಿಲು ಹತ್ತಲು ದಲಿತ ಕೇರಿಯ ಮಹಿಳೆಗೆ ಅಳುಕಿದ್ದರೆ, ಮುಸ್ಲಿಂ ಮಹಿಳೆ ಹೊರಗೇ ನಿಲ್ಲುವಂತಾದರೆ ನಿಮ್ಮ ಗುಂಪು ಅಲ್ಲೇ ಒಡೆಯಿತು. ಶಾಲೆಯ ಕೋಣೆ ಎಲ್ಲರದು. ಎಲ್ಲರೂ ಒಂದೇ ಜಮಖಾನದ ಮೇಲೆ ವೃತ್ತವಾಗಿ ಕೂರಲಿ, ಚಹಾ ಒಂದೇ ಬಗೆಯ ಲೋಟದಲ್ಲಿ ಬರಲಿ, ನೀರು ಒಂದೇ ಕೊಡದಿಂದ. ಸ್ಥಳೀಯ ಸಂಸ್ಕೃತಿಯನ್ನು ಗೌರವಿಸುವುದೆಂದರೆ ಅದರೊಳಗಿನ ಮೇಲುಕೀಳನ್ನು ಹೊತ್ತು ತರುವುದೆಂದು ಕೆಲವರು ತಿಳಿದಿದ್ದಾರೆ. ಲೋಟದ ವಿಷಯದಲ್ಲಿ ನಾನು ಒಮ್ಮೆಯೂ ರಾಜಿಯಾಗಿಲ್ಲ. ಅದರಿಂದ ಒಬ್ಬಿಬ್ಬರು ಬಿಟ್ಟುಹೋದರೂ ಗುಂಪು ಉಳಿದಿದೆ.

ಹೆಜ್ಜೆ 3: ಒಬ್ಬೊಬ್ಬರನ್ನೂ ಬೇರೆಯಾಗಿ ಭೇಟಿಯಾಗಿ

ಗುಂಪಿಗೆ ಮೊದಲು ಪ್ರತಿಯೊಬ್ಬರೊಂದಿಗೂ ಅರ್ಧ ಗಂಟೆ ಮಾತನಾಡಿ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆಗಳಿವೆ, ಒಟ್ಟು ಅಂಕ 0ರಿಂದ 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗಮನ ಬೇಕೆಂದು ತಿಳಿಯುತ್ತಾರೆ. ಪ್ರಮಾಣಿತ ಕನ್ನಡ ಪಠ್ಯವನ್ನೇ ಓದಿ, ಅರ್ಥವಾಗದಲ್ಲಿ ಮಾತ್ರ ನೀವು ಕಲಿತ ಊರಿನ ಮಾತಿನಲ್ಲಿ ವಿವರಿಸಿ.

ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅದನ್ನು ಹಾರಿಸಬೇಡಿ. ಕೇಳಿದರೆ ಆ ಯೋಚನೆ ಹುಟ್ಟೀತೆಂಬ ಭಯ ಬೇಡ, ಕೇಳಿದಾಗ ಹೆಚ್ಚಿನವರಿಗೆ ಉಸಿರು ಬಂದಂತಾಗುತ್ತದೆ. "ಇದೆ" ಎಂದರೆ ಮುಂದಿನದನ್ನೂ ಕೇಳಿ: ಯಾವಾಗಿನಿಂದ, ಹೇಗೆಂದು ಯೋಚಿಸಿದ್ದಾರೆ, ಮನೆಯಲ್ಲಿ ಕೀಟನಾಶಕ ಎಲ್ಲಿದೆ. ಅವರ ಒಪ್ಪಿಗೆ ಪಡೆದು ನಂಬಿಕಸ್ತರೊಬ್ಬರನ್ನು ಕರೆಸಿ, ಡಬ್ಬಿಯನ್ನು ಅಂದೇ ಬೇರೆಡೆ ಬೀಗ ಹಾಕಿ ಇರಿಸಿ. ಯೋಜನೆ ಮಾಡಿಕೊಂಡವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಪೊಲೀಸ್ ಕೇಸಾದೀತೆಂಬ ಅಂಜಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಇದನ್ನು ಮನೆಯವರಿಗೂ ತಿಳಿಸಿ.

ಯಾರಿಗೂ ಕೇಳದ ಧ್ವನಿಗಳು ಕೇಳುವವರು, ವಿಪರೀತ ಸಂಶಯದಲ್ಲಿರುವವರು, ದಿನಗಟ್ಟಲೆ ನಿದ್ದೆಯಿಲ್ಲದೆ ಹುರುಪಿನಲ್ಲಿರುವವರು ಮೊದಲು ಮನೋವೈದ್ಯರನ್ನು ಕಾಣಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಜಿಲ್ಲಾ ಆಸ್ಪತ್ರೆಯಲ್ಲಿದೆ, ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ನಿಗದಿತ ದಿನ ಸೇವೆ ಸಿಗುತ್ತದೆ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈ ದಾರಿಯನ್ನು ತೆರೆದದ್ದು ನಮ್ಮ ನೆಲವೇ, ಬಳಸಿಕೊಳ್ಳಿ.

ಹುಲಿಗೆಮ್ಮನಿಗೆ ಹರಕೆ ಹೊತ್ತವರನ್ನು, ದರ್ಗಾಕ್ಕೆ ಹೋಗುವವರನ್ನು ತಡೆಯಬೇಡಿ. ಹರಕೆಯೂ ಇರಲಿ, ಗುಳಿಗೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು ಎಂದು ಹೇಳಿ.

ಹೆಜ್ಜೆ 4: ಮೊದಲ ವಾರ

ದೇವರ ಪ್ರಾರ್ಥನೆಯಿಂದ ಆರಂಭಿಸಬೇಡಿ, ಎಲ್ಲರ ದೇವರೂ ಒಬ್ಬರಲ್ಲ. ಹೆಸರು, ತವರೂರು, ಆ ಊರಿನಲ್ಲಿ ನೆನಪಾಗುವ ಒಂದು ಗಿಡ ಅಥವಾ ಬಾವಿ ಹೇಳಲಿ. ಗಂಡನ ಹೆಸರಿನಿಂದಲೋ ಮಗನ ಹೆಸರಿನಿಂದಲೋ ಕರೆಸಿಕೊಂಡು ರೂಢಿಯಾದವರಿಗೆ ಸ್ವಂತ ಹೆಸರು ಹೇಳಿಕೊಳ್ಳುವುದೇ ಒಂದು ಹಬ್ಬ. ನಮ್ಮ ಗುಂಪಿನ ಹಿರಿಯಜ್ಜಿಯೊಬ್ಬರು ತಮ್ಮ ಹೆಸರನ್ನು ಎರಡು ಸಲ ಹೇಳಿದರು, ಎರಡನೆಯ ಸಲ ಗಟ್ಟಿಯಾಗಿ.

ಗುಟ್ಟಿನ ಕಟ್ಟಳೆಯನ್ನು ಅವರೇ ಮಾಡಲಿ. "ಇಲ್ಲಿನ ಮಾತು ಹೊಸ್ತಿಲು ದಾಟಬಾರದು" ಎಂದು ಅವರು ಒಪ್ಪಿದ ಮೇಲೆ, ಯಾರ ಜೀವಕ್ಕಾದರೂ ಅಪಾಯವಿದ್ದರೆ ನೀವು ಸುಮ್ಮನಿರುವುದಿಲ್ಲ ಎಂಬುದನ್ನು ಅಂದೇ ಸ್ಪಷ್ಟಪಡಿಸಿ. ಹೇಳಲು ಇಷ್ಟವಿಲ್ಲದವರು ಸೂಜಿಗೆ ದಾರ ಪೋಣಿಸುತ್ತಾ ಸುಮ್ಮನೆ ಕೂರಬಹುದು. ಎದ್ದು ಹೊರಡುವ ಮುನ್ನ ಮುಂದಿನ ವಾರಕ್ಕೆ ಒಂದು ಬಟ್ಟೆಯ ಚೂರು ತರಲು ಹೇಳಿ. ಹೊಸದು ಬೇಡ, ಉಟ್ಟು ತೊಟ್ಟು ಹಳತಾದದ್ದು.

ಹೆಜ್ಜೆ 5: ಚೂರುಗಳ ವಾರಗಳು

ಎರಡು, ಮೂರನೆಯ ವಾರ ಪೂರ್ತಿ ಇದಕ್ಕೇ ಮೀಸಲು. ಅವಸರ ಪಡಬೇಡಿ, ಇಡೀ ಚಿಕಿತ್ಸೆಯ ಅಡಿಪಾಯ ಇಲ್ಲಿದೆ.

ಖಣದ ಕುಪ್ಪಸದ ತೋಳು, ಬಾಣಂತನದಲ್ಲಿ ತಲೆಗೆ ಕಟ್ಟಿದ ಬಟ್ಟೆ, ಸತ್ತ ಅಣ್ಣನ ಧೋತರದ ಅಂಚು, ದುಬೈಗೆ ಹೋದ ಮಗ ಕಳಿಸಿದ ದುಪಟ್ಟಾ. ಒಬ್ಬೊಬ್ಬರೂ ತಂದ ಚೂರನ್ನು ಕೈಯಿಂದ ಕೈಗೆ ದಾಟಿಸುತ್ತಾ ಕಥೆ ಹೇಳುತ್ತಾರೆ. ಆಗ ನೀವು ಕೇಳುವ ಪ್ರಶ್ನೆಗಳಲ್ಲೇ ಕಸುಬಿದೆ.

ಒಮ್ಮೆ ಒಬ್ಬರು ಖಾಲಿ ಕೈಯಲ್ಲಿ ಬಂದರು. ಗಂಡ ಸಾಲದಲ್ಲಿ ತೀರಿಕೊಂಡಿದ್ದ, ಇಬ್ಬರು ಮಕ್ಕಳು. "ನನ್ನ ಹತ್ತಿರ ಏನೂ ಉಳಿದಿಲ್ಲ" ಎಂದರು. "ಇಲ್ಲ, ನೀವು ಗಟ್ಟಿಗಿತ್ತಿ" ಎನ್ನಲು ನಾಲಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಹೊಗಳಿಕೆ ಮಾತನ್ನು ಮುಚ್ಚಿಬಿಡುತ್ತದೆ. ಬದಲಿಗೆ, "ಎಲ್ಲವನ್ನೂ ಕಳೆದುಕೊಂಡ ಆ ವರ್ಷದಲ್ಲಿ ನೀವು ಮಾರದೆ ಉಳಿಸಿಕೊಂಡದ್ದು ಏನಾದರೂ ಇದೆಯೇ?" ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ, "ಬೀಜ" ಎಂದರು. ಬಿಳಿಜೋಳದ ಬೀಜವನ್ನು ಬೂದಿ ಬೆರೆಸಿ, ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದರು. ಮನೆಯಲ್ಲಿ ಹಿಟ್ಟಿಲ್ಲದ ರಾತ್ರಿಯೂ ಅದನ್ನು ಬಿಚ್ಚಿರಲಿಲ್ಲ.

ಆಮೇಲಿನ ಪ್ರಶ್ನೆಗಳು ತಾವಾಗಿ ಬಂದವು. ಬೀಜವನ್ನು ಹಾಗೆ ಕಾಯಬೇಕೆಂದು ಯಾರಿಂದ ಕಲಿತಿರಿ? ಅಂದು ರಾತ್ರಿ ಮಕ್ಕಳಿಗೆ ಏನು ಹೇಳಿದಿರಿ? ನೀವು ಬೀಜ ಉಳಿಸಿದ್ದು ನಿಮ್ಮ ಅವ್ವನಿಗೆ ತಿಳಿದಿದ್ದರೆ ಏನನ್ನುತ್ತಿದ್ದರು? ಬೀಜ ಕಾಯುವ ಈ ಗುಣ ಬದುಕಿನಲ್ಲಿ ಬೇರೆಲ್ಲಿ ಕಾಣುತ್ತದೆ? ಮುಂದಿನ ವಾರ ಆ ಗಂಟಿನ ಸೀರೆಯ ಮೂಲೆಯನ್ನು ಕತ್ತರಿಸಿ ತಂದರು. ಅದಕ್ಕಿನ್ನೂ ಬೂದಿಯ ವಾಸನೆ ಇತ್ತು. ಎಲ್ಲರೂ ಮೂಸಿ ನೋಡಿದರು. ಕೌದಿಯ ನಡುವೆ ಅದನ್ನೇ ಇಡಬೇಕೆಂದು ನಿರ್ಧರಿಸಿದವರು ಗುಂಪಿನವರು, ನಾನಲ್ಲ.

ಪ್ರಶ್ನೆಗಳ ಜಾಡು ಹೀಗಿರಲಿ: ಅವರು ಮಾಡಿದ ಕೆಲಸ, ಅದನ್ನು ಕಲಿಸಿದವರು, ಅದನ್ನು ಕಂಡವರು, ಅದು ಈಗ ಎಲ್ಲಿದೆ. ಗುಣಕ್ಕೆ ಹೆಸರಿಡುವುದು ಅವರಿಗೇ ಸೇರಿದ್ದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಹೆಣ್ಣಿನ ಬಲವೆಂದರೆ ತಾಳಿಕೊಳ್ಳುವುದು ಎಂಬ ಮಾತು ಬೇರೂರಿದೆ. "ಗಂಡ ಹೊಡೆದರೂ ಹೊರಗೆ ಹೇಳಲಿಲ್ಲ" ಎಂದು ಒಬ್ಬರು ಹೇಳಿದಾಗ ಉಳಿದವರು ತಲೆದೂಗುತ್ತಾರೆ. ಅಲ್ಲಿ ನೀವೂ ತಲೆದೂಗಿದರೆ ಹೊಡೆತಕ್ಕೆ ಒಪ್ಪಿಗೆ ಕೊಟ್ಟಂತೆ. "ಆ ಹೊತ್ತಿನಲ್ಲಿ ಮಕ್ಕಳನ್ನು ಹೇಗೆ ಕಾಪಾಡಿದಿರಿ, ಯಾರ ಮನೆಗೆ ಹೋದಿರಿ, ಏನನ್ನು ಮನಸ್ಸಿನಲ್ಲೇ ಒಪ್ಪಲಿಲ್ಲ?" ಎಂದು ಕೇಳಿ. ಮಾತು ಸಹನೆಯಿಂದ ಪ್ರತಿರೋಧದ ಕಡೆ ಹೊರಳುತ್ತದೆ. ಗುಂಪು ಮುಗಿದ ಮೇಲೆ ಅವರನ್ನು ಬೇರೆಯಾಗಿ ಕೂರಿಸಿ, ಮಹಿಳಾ ಸಹಾಯವಾಣಿ 181, ನೊಂದ ಮಹಿಳೆಯರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇವುಗಳನ್ನು ತಿಳಿಸಿ. ಹೆಜ್ಜೆ ಇಡುವುದು ಯಾವಾಗ ಎಂಬುದನ್ನು ಅವರೇ ತೀರ್ಮಾನಿಸಲಿ.

ಹೆಜ್ಜೆ 6: ಹರಿದ ಜಾಗ

ನಾಲ್ಕು, ಐದನೆಯ ವಾರ ನೋವಿನ ಮಾತು. ಅಷ್ಟು ಹೊತ್ತಿಗೆ ಚೂರುಗಳು ಜೋಡಣೆಯಾಗಿ ಜಮಖಾನದ ಮೇಲೆ ಹರಡಿರುತ್ತವೆ. ಪ್ರಶ್ನೆ ಒಬ್ಬರ ಕಡೆ ಬೆರಳು ಮಾಡದಿರಲಿ. "ನಮ್ಮಂಥ ಹೆಂಗಸರ ಬದುಕು ಎಲ್ಲಿ ಹರಿಯುತ್ತದೆ?" ಎಂದು ಕೇಳಿ. ಮಳೆ ಕೈಕೊಡುವುದು, ಕುಡಿತ, ಸಣ್ಣ ಸಾಲದ ಕಂತಿನ ವಾರ, ಹೆಣ್ಣು ಹೆತ್ತದ್ದಕ್ಕೆ ಬೈಗುಳ, ಗುಳೆ ಹೋದಾಗ ಊರಲ್ಲಿ ಬಿಟ್ಟ ಮಕ್ಕಳು. 'ನನ್ನ ಹಣೆಬರಹ' ಎಂದುಕೊಂಡಿದ್ದು ಹತ್ತು ಮಂದಿಯದೂ ಎಂದು ತಿಳಿದಾಗ ತಪ್ಪು ತನ್ನದೆಂಬ ಭಾವ ಸಡಿಲವಾಗುತ್ತದೆ. ಮುಂದಿನ ಪ್ರಶ್ನೆ, "ಹರಿದಾಗ ಯಾವ ಹೊಲಿಗೆ ಹಾಕಿದಿರಿ?" ತವರಿಗೆ ಫೋನ್ ಮಾಡಿದೆ, ಹೊಲದಲ್ಲಿ ಒಬ್ಬಳೇ ಅತ್ತು ಮುಖ ತೊಳೆದು ಬಂದೆ, ಬೀಸುಕಲ್ಲಿನ ಪದ ಹಾಡಿದೆ ಎನ್ನುತ್ತಾರೆ. ಎಲ್ಲವನ್ನೂ ಬರೆದುಕೊಳ್ಳಿ.

ಯಾರಾದರೂ ವಿವರಗಳ ಆಳಕ್ಕೆ ಇಳಿದು ಉಸಿರು ಏರಿಸತೊಡಗಿದರೆ ಕೇಳುತ್ತಾ ಕೂರಬೇಡಿ. ಮೆಲ್ಲಗೆ ಹೆಸರು ಹಿಡಿದು ಕರೆಯಿರಿ, ಅಂಗೈಯಲ್ಲಿ ಅವರದೇ ಚೂರನ್ನು ಇಡಿ, ಪಾದ ನೆಲಕ್ಕೆ ಊರಿ ಬಟ್ಟೆಯ ಹೊಲಿಗೆಯನ್ನು ಬೆರಳಿನಿಂದ ಎಣಿಸಲು ಹೇಳಿ. ಉಸಿರು ಇಳಿಯುತ್ತದೆ. ಮನೆಗೆ ಹೋಗುವ ಮುನ್ನ ಅವರೊಂದಿಗೆ ಹತ್ತು ನಿಮಿಷ ಕುಳಿತು, ಮಾರನೆಯ ದಿನ ವಿಚಾರಿಸಿ. ನನ್ನ ಮೊದಲ ಗುಂಪಿನ ಆ ತಾಯಿಗೆ ನಾನು ಮಾಡದೆ ಹೋದದ್ದು ಇದನ್ನೇ.

ಹೆಜ್ಜೆ 7: ಆರು ಮತ್ತು ಏಳನೆಯ ವಾರ

ಆರನೆಯ ವಾರ ಒಂದೇ ಒಂದು ಸಣ್ಣ ತೊಂದರೆ ಆರಿಸಿ, ಬಗೆಹರಿಸುವ ದಾರಿಗಳನ್ನು ಎಲ್ಲರೂ ಸೇರಿ ಹೇಳಲಿ. ಪಿಂಚಣಿ ನಿಂತಿದ್ದರೆ ನಾಡಕಚೇರಿಗೆ ಜೊತೆಯಲ್ಲಿ ಯಾರು ಹೋಗುತ್ತಾರೆ ಎಂಬಷ್ಟು ಚಿಕ್ಕದು. ಏಳನೆಯ ವಾರ, ದುಃಖದಲ್ಲಿ ಕೈಬಿಟ್ಟ ಒಂದು ಇಷ್ಟದ ಕೆಲಸವನ್ನು ಮತ್ತೆ ಆರಂಭಿಸುವ ಮಾತು: ಹಿತ್ತಲಲ್ಲಿ ಹೂಗಿಡ, ಭಜನೆ, ಅಕ್ಕನ ಮನೆಗೆ ಹೋಗಿಬರುವುದು. ದಿನ, ಹೊತ್ತು ಗೊತ್ತುಮಾಡಿಕೊಳ್ಳಲಿ. ಜೊತೆಜೊತೆಗೇ ಹೊಲಿಗೆ ಸಾಗಲಿ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಹಿಳೆಯರು ಕೌದಿಯನ್ನು ಅಂಚಿನಿಂದ ಒಳಕ್ಕೆ ಹೊಲಿಯುತ್ತಾ ಬರುತ್ತಾರೆ, ಮೂಲೆಗಳಿಗೆ ಮಡಚಿದ ಬಟ್ಟೆಯ ಹೂ ಇಡುತ್ತಾರೆ. ನಿಮ್ಮ ಊರಿನ ಪದ್ಧತಿ ಯಾವುದೋ ಅದನ್ನೇ ಅನುಸರಿಸಿ.

ಹೆಜ್ಜೆ 8: ಕೊನೆಯ ದಿನ

ಒಬ್ಬೊಬ್ಬರೂ ತಮಗೆ ಬೇಕಾದ ಒಬ್ಬರನ್ನು ಕರೆತರಲಿ: ಮಗಳು, ಗೆಳತಿ, ಆಶಾ ಕಾರ್ಯಕರ್ತೆ. ಅವರೆದುರು ಕೌದಿ ಹರವಿ, ಹೇಳಲು ಇಷ್ಟವಿದ್ದಷ್ಟು ಕಥೆ ಹೇಳಲಿ. ನೋವಿನ ವಾರಗಳ ಮಾತು ಅಲ್ಲಿ ಬರಬಾರದು. ಕೇಳಿದವರು ಸಲಹೆ ಕೊಡದೆ, ತಮ್ಮ ಮನಸ್ಸಿಗೆ ತಟ್ಟಿದ ಒಂದು ಮಾತನ್ನು ಮಾತ್ರ ಹಿಂದಿರುಗಿಸಲಿ.

ಬೀಳ್ಕೊಡುಗೆಗೆ ಉಡಿ ತುಂಬೋಣವೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅರಿಶಿನ ಕುಂಕುಮದ ತಟ್ಟೆ ಬಂದ ಕೂಡಲೇ ಗಂಡ ತೀರಿಕೊಂಡವರು ಹಿಂದೆ ಸರಿಯುತ್ತಾರೆ. ಎಂಟು ವಾರ ಕಟ್ಟಿದ್ದು ಒಂದು ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತದೆ. ಎಲ್ಲರಿಗೂ ಹೂವು, ಎಲ್ಲರಿಗೂ ಉಡಿ, ಇಲ್ಲವೆಂದರೆ ಯಾರಿಗೂ ಬೇಡ. ಇದನ್ನು ಹಿಂದಿನ ವಾರವೇ ಗುಂಪಿನಲ್ಲಿ ಚರ್ಚಿಸಿ. ಒಂದು ಊರಿನಲ್ಲಿ ಮಹಿಳೆಯರೇ ತಟ್ಟೆ ಬದಿಗಿಟ್ಟು ಪ್ರತಿಯೊಬ್ಬರ ಸೆರಗಿಗೂ ಒಂದು ಹಿಡಿ ಬಿಳಿಜೋಳದ ಬೀಜ ಹಾಕಿದರು. ಬೀಜ ತಂದವರು ಯಾರೆಂದು ಹೇಳಬೇಕಾಗಿಲ್ಲ.

ಗುಂಪು ಮುಗಿದ ಮೇಲೆ

ಮೊದಲು ಕೇಳಿದ ಒಂಬತ್ತು ಪ್ರಶ್ನೆಗಳನ್ನೇ ಮತ್ತೆ ಕೇಳಿ, ಮೂರು ತಿಂಗಳ ನಂತರ ಇನ್ನೊಮ್ಮೆ. ಅಂಕ ಇಳಿಯದವರನ್ನು, ಏರಿದವರನ್ನು ತಾಲ್ಲೂಕು ಆಸ್ಪತ್ರೆಗೆ ಜೊತೆಗೇ ಕರೆದೊಯ್ಯಿರಿ. ಬರೀ ಚೀಟಿ ಬರೆದುಕೊಟ್ಟರೆ ಅವರು ಹೋಗುವುದು ಕಡಿಮೆ, ಬಸ್ಸಿನಲ್ಲಿ ಪಕ್ಕದಲ್ಲಿ ಯಾರಾದರೂ ಕೂರಬೇಕು. ಪ್ರತಿ ವಾರದ ಗುಂಪಿನ ನಂತರ ನಡೆಸಿದ ಇಬ್ಬರೂ ಅರ್ಧ ಗಂಟೆ ಕುಳಿತು ಮಾತನಾಡಿ, ತಿಂಗಳಿಗೊಮ್ಮೆ ತಜ್ಞರೊಂದಿಗೆ ಚರ್ಚಿಸಿ. ಇಷ್ಟು ದುಃಖವನ್ನು ಒಬ್ಬರೇ ಹೊತ್ತು ಮನೆಗೆ ಹೋಗಬಾರದು.

ಕೌದಿ ಯಾರ ಮನೆಯಲ್ಲಿರಬೇಕು ಎಂಬ ಪ್ರಶ್ನೆ ಖಂಡಿತ ಬರುತ್ತದೆ. ನಮ್ಮ ಕಾರ್ಯಕರ್ತರೊಬ್ಬರು ಕಚೇರಿಯ ಗೋಡೆಗೆ ತೂಗುಹಾಕೋಣ ಎಂದಿದ್ದರು, ಮಹಿಳೆಯರು ಒಪ್ಪಲಿಲ್ಲ. ಹೊದೆಯಲೆಂದು ಹೊಲಿದದ್ದು ಗೋಡೆಗೇಕೆ ಎಂದರು. ಈಗ ಅದು ಆ ಊರಿನಲ್ಲಿ ಹದಿನೈದು ದಿನಕ್ಕೊಂದು ಮನೆಗೆ ಹೋಗುತ್ತದೆ. ನಡುವೆ ಯಾರಿಗಾದರೂ ರಾತ್ರಿ ನಿದ್ದೆ ಹತ್ತದಿದ್ದರೆ, ಬೆಳಗ್ಗೆ ಮಗುವನ್ನು ಕಳಿಸಿ ಕೌದಿ ಕೇಳಿಸುತ್ತಾರೆ. ಕೇಳಿದವರ ಮನೆಗೆ ಅದನ್ನು ಕೊಡಲು ಹೋದವರು ಚಹಾ ಕುಡಿಯದೆ ಎದ್ದು ಬರುವಂತಿಲ್ಲ ಎಂಬುದು ಅವರೇ ಮಾಡಿಕೊಂಡ ಕಟ್ಟಳೆ.